ಹಳೆಯ ಫೈಬರ್ ದೋಣಿಯ ಜೀರ್ಣೋದ್ಧಾರ

ಬೀಳಗಿ ತಾಲೂಕಿನ ಉತ್ತರಕ್ಕೆ ಕೃಷ್ಣೆಯೂ ದಕ್ಷಿಣಕ್ಕೆ ಘಟಪ್ರಭೆಯೂ ಇದ್ದು, ಎರಡೂ ಚಿಕ್ಕಸಂಗಮದಲ್ಲಿ ಕೂಡುವುವು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ನೆಯ ಇಸವಿಯ ಮೇ 22ರಂದು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಅಣೆಕಟ್ಟು 2006ನೆಯ ಇಸವಿಯ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ರಾಷ್ಟ್ರಕ್ಕೆ ಸಮರ್ಪಿಸಲ್ಪಟ್ಟಿತು. ಅಲ್ಲಿ 519.60 ಮೀಟರಿನ ಮಟ್ಟಕ್ಕೆ ನೀರು ನಿಂತಾಗ ಜಲಾಶಯವು ಸುಮಾರು 123 ಟಿ.ಎಂ.ಸಿ. ನೀರನ್ನು ಹಿಡಿಯುವುದು. ಈ ಹಿನ್ನೀರು ಹಳೆಯ ಬಾಗಲಕೋಟೆಯ ಕೇರಿಗಳನ್ನೂ ಬೀಳಗಿ ತಾಲೂಕಿನ ಅನೇಕ ಗ್ರಾಮಗಳ ಎರೆಭೂಮಿಯನ್ನೂ ಮುಳುಗಿಸಿತು. ಹೆದ್ದಾರಿಯ ಪ್ರಯಾಣಿಕರಿಗೆ ಕೊರ್ತಿ–ಕೊಲ್ಹಾರದ ಸೇತುವೆಯೂ ಅನಗವಾಡಿಯ ಸೇತುವೆಯೂ ಇವೆ. ಆದರೆ ಹೊಲಕ್ಕೆ ಹೋಗುವ ಕಾಲುದಾರಿಗೆ ಸೇತುವೆ ಕಟ್ಟುವವರಿಲ್ಲ. ನೀರಿನ ನಾಲಗೆಯೊಂದು ಊರಿಗೂ ಹೊಲಕ್ಕೂ ನಡುವೆ ಚಾಚಿಕೊಂಡಲ್ಲಿ ದೋಣಿಯೇ ದಾರಿಯಾಗಿದೆ.

ಬಾಡಗಂಡಿಯ ಸುತ್ತಿನ ಹಿನ್ನೀರಿನ ದಂಡೆಗುಂಟ ನಡೆದುಹೋಗುವವರಿಗೆ ಜಾಲಿಯ ಗಿಡಗಳ ಸಂದಿಯಲ್ಲಿ ಮಗುಚಿಬಿದ್ದ ಹಳೆಯ ಫೈಬರ್ ದೋಣಿಗಳೂ ಹರಿಗೋಲುಗಳೂ ಕಾಣಸಿಗುವುವು. ಕೆಲವಕ್ಕೆ ತಳ ಸವೆದಿದೆ, ಕೆಲವಕ್ಕೆ ಅಂಚು ಒಡೆದಿದೆ. ಬಣ್ಣವು ಬಿಸಿಲಿಗೆ ಸುಣ್ಣದಂತಾಗಿ, ಮುಟ್ಟಿದವನ ಕೈಗೆ ಬಿಳಿಯ ಪುಡಿಯೂ ಗಾಜಿನ ಸೂಕ್ಷ್ಮವಾದ ಮುಳ್ಳುಗಳೂ ಹತ್ತುವುವು. ಒಕ್ಕಲುತನದ ಪತ್ರಿಕೆಯಲ್ಲಿ ದೋಣಿಯ ಪ್ರಸ್ತಾಪವೇಕೆಂದು ಕೇಳುವವರು ಇರಬಹುದು. ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಹಿಡಿಯುವ ಅಂಬಿಗನ ದೋಣಿಯಲ್ಲಿಯೇ ಜಮೀನುದಾರನ ಆಳುಗಳು ಕಳೆ ತೆಗೆಯಲು ಆಚೆಗೆ ಹೋಗುವರು. ಕಣಿಕೆಯ ಹೊರೆಯೂ ಗೊಬ್ಬರದ ಚೀಲವೂ ಕೆಲವೊಮ್ಮೆ ಅದರಲ್ಲಿಯೇ ದಾಟುವುವು. ಕೂರಿಗೆ ಕುಂಟೆಗಳಂತೆಯೇ ದೋಣಿಯೂ ಒಕ್ಕಲುತನದ ಆಯುಧವೆಂಬುದು ಹಿನ್ನೀರಿನ ಗ್ರಾಮಗಳ ಮಟ್ಟಿಗಾದರೂ ಸತ್ಯವಾಗಿದೆ.

ಪೂರ್ವಕಾಲದ ಹರಿಗೋಲು ಬಿದಿರಿನ ಬುಟ್ಟಿಗೆ ತೊಗಲನ್ನು ಹೊದಿಸಿದ್ದಾಗಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಇಂಥ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ತರುವಾಯ ತೊಗಲಿನ ಬದಲಿಗೆ ಡಾಂಬರು ಬಳಿದ ಗೋಣಿತಟ್ಟೂ ಪ್ಲಾಸ್ಟಿಕ್ ಹಾಳೆಯೂ ಬಂದವು. ಗಾಜಿನ ಎಳೆಗಳನ್ನು ರೆಸಿನ್ ಎಂಬ ಅಂಟುದ್ರವದಲ್ಲಿ ತೋಯಿಸಿ ಗಟ್ಟಿಮಾಡುವ ವಿದ್ಯೆಯು ಅಮೇರಿಕಾ ದೇಶದಲ್ಲಿ ಹುಟ್ಟಿದ್ದು. ಅಲ್ಲಿ ರೇ ಗ್ರೀನ್ ಎಂಬವನು 1942ರಲ್ಲಿ ಇಂಥ ದೋಣಿಯನ್ನು ಮಾಡಿದನೆಂದು ಪ್ರಸಿದ್ಧವಾಗಿದೆ. ನಮ್ಮ ದೇಶದಲ್ಲಿ 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಇದರ ವಿಷಯದಲ್ಲಿ ಬಹಳ ಕೆಲಸ ಮಾಡಿದೆ. ಬಿದಿರಿನ ಹರಿಗೋಲನ್ನು ಮಳೆಗಾಲಕ್ಕೊಮ್ಮೆ ಉಪಚರಿಸದಿದ್ದರೆ ಅದು ಕೊಳೆತು ಹೋಗುತ್ತಿತ್ತು. ಆದುದರಿಂದ ಅಂಬಿಗನಿಗೆ ಪ್ರತಿವರ್ಷ ದುರಸ್ತಿ ಮಾಡುವ ರೂಢಿಯಿತ್ತು. ಫೈಬರ್ ದೋಣಿಯು ಕೊಳೆಯುವುದಿಲ್ಲವೆಂಬ ಕೀರ್ತಿಯೇ ಅದಕ್ಕೆ ಮೃತ್ಯುವಾಗಿ ಪರಿಣಮಿಸಿತು. ಕೊಳೆಯದ ವಸ್ತುವಿಗೆ ಉಪಚಾರವೇಕೆಂದು ಜನರು ಅದನ್ನು ಬಿಸಿಲಿಗೂ ಕಲ್ಲಿಗೂ ಬಿಟ್ಟುಕೊಟ್ಟರು.

ಇಂದು ಇಂಥ ದೋಣಿಗಳ ವಿಷಯದಲ್ಲಿ ಎರಡು ಪಕ್ಷಗಳಿವೆ. ಸರ್ಕಾರದ ಸಹಾಯಧನದಿಂದ ಹೊಸದು ಬರುವುದು, ಹಳೆಯದನ್ನು ಎಸೆಯುವುದೇ ಲೇಸು ಎಂಬುದು ಒಂದು ಪಕ್ಷ. ಸಹಾಯಧನವಿರುವುದು ನಿಜ. ಆದರೆ ಅದು ಕೇಳಿದವರೆಲ್ಲರಿಗೂ ಕೇಳಿದ ವರ್ಷವೇ ದೊರೆಯತಕ್ಕದ್ದಲ್ಲ. ಎಸೆದ ದೋಣಿಯಾದರೂ ಎಲ್ಲಿಗೆ ಹೋಗಬೇಕು? ಅದು ಮಣ್ಣಾಗುವುದಿಲ್ಲ. ಸುಟ್ಟರೆ ವಿಷದ ಹೊಗೆಯೇಳುವುದಲ್ಲದೆ ಗಾಜು ಹಾಗೆಯೇ ಉಳಿಯುವುದು. ದಂಡೆಯಲ್ಲಿ ಬಿಟ್ಟರೆ ಪುಡಿಯಾಗುತ್ತ ನೀರಿಗೂ ಎರೆಯ ಮಣ್ಣಿಗೂ ಸೇರುವುದು. ಮನೆಯಲ್ಲಿಯೇ ಒಂದಿಷ್ಟು ಡಾಂಬರನ್ನೋ ಅಂಗಡಿಯಲ್ಲಿ ದೊರೆಯುವ ಅಂಟುಮುದ್ದೆಯನ್ನೋ ಮೆತ್ತಿ ಮತ್ತೆ ನೀರಿಗೆ ಬಿಡುವುದು ಎರಡನೆಯ ಪಕ್ಷ. ಮೊದಲನೆಯದು ದುಂದು, ಎರಡನೆಯದು ಅಪಾಯ. ಎರಡನೆಯದನ್ನು ಜನರು ಮಿತವ್ಯಯವೆಂದು ಹೊಗಳುವುದರಿಂದ ಅದೇ ಹೆಚ್ಚು ಕೆಟ್ಟದ್ದೆಂದು ಹೇಳಬೇಕಾಗಿದೆ. ಮನೆಯ ಅಂಗಳದಲ್ಲಿಯೇ ಹಳೆಯ ದೋಣಿಯನ್ನು ಸರಿಯಾಗಿ ಜೀರ್ಣೋದ್ಧಾರ ಮಾಡಲು ಸಾಧ್ಯವಿದೆ, ಮಾಡುವುದು ಯೋಗ್ಯವೂ ಆಗಿದೆ. ಆದರೆ ಸೋರುವುದನ್ನು ನಿಲ್ಲಿಸಿದ ಮಾತ್ರಕ್ಕೆ ದೋಣಿಯು ಉದ್ಧಾರವಾಯಿತೆಂದು ತಿಳಿಯುವುದು ತಪ್ಪು.

ಮೊದಲು ದೋಣಿಯನ್ನು ಪರೀಕ್ಷಿಸತಕ್ಕದ್ದು. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಗಳು ಬೆರಳಿನ ಗೆಣ್ಣಿನಿಂದ ಬಡಿದು ನಾದವನ್ನು ಕೇಳುವಂತೆ, ಒಂದು ಸಣ್ಣ ಸುತ್ತಿಗೆಯಿಂದಲೋ ದಪ್ಪ ನಾಣ್ಯದಿಂದಲೋ ದೋಣಿಯ ಮೈಯನ್ನೆಲ್ಲ ಗೇಣು ಗೇಣಿಗೆ ಬಡಿಯುತ್ತ ಹೋಗಬೇಕು. ಗಟ್ಟಿಯಾದ ಸ್ಥಳದಲ್ಲಿ ಟಣ್ ಎಂದು ಸ್ಪಷ್ಟವಾದ ದನಿ ಬರುವುದು. ಒಳಗಿನ ಪದರಗಳು ಒಂದಕ್ಕೊಂದು ಬಿಟ್ಟಿರುವಲ್ಲಿ ಮಂಕಾದ ಬದ್ದ ದನಿ ಬರುವುದು. ಅಂಥಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಹೊರಗೆ ಕೂದಲೆಳೆಯಂಥ ಬಿರುಕು ಕಂಡಲ್ಲಿ ಒಳಗೆ ಅಂಗೈಯಗಲ ಪದರ ಬಿಟ್ಟಿರುವುದುಂಟು. ಆದುದರಿಂದ ಕಣ್ಣಿಗಿಂತ ಕಿವಿಯನ್ನೇ ಇಲ್ಲಿ ಹೆಚ್ಚಾಗಿ ನಂಬಬೇಕು. ತಳದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಭಾಗವು ಮಂಕು ದನಿ ಕೊಟ್ಟರೆ, ಅಥವಾ ತಳವನ್ನು ಕಾಲಿನಿಂದ ಒತ್ತಿದಾಗ ಚರ್ಮದಂತೆ ಕುಸಿದು ಏಳುತ್ತಿದ್ದರೆ, ಅದಕ್ಕೆ ಹಣ ಹಾಕಬಾರದು. ಅಂಥದ್ದನ್ನು ದನಗಳ ನೀರಿನ ತೊಟ್ಟಿಯನ್ನಾಗಿಯೂ ಮಾಡಬಾರದು, ಉದುರುವ ಗಾಜಿನ ಎಳೆಯು ದನದ ಹೊಟ್ಟೆಗೆ ಹೋಗುವುದು.

ಉಳಿಸತಕ್ಕ ದೋಣಿಯೆಂದು ನಿರ್ಣಯವಾದರೆ ಅದನ್ನು ಒಣಗಿಸುವುದೇ ಮುಖ್ಯವಾದ ಕೆಲಸ. ಬಹುಜನರು ತಪ್ಪುವುದೂ ಇಲ್ಲಿಯೇ. ಬಿಸಿಲು ಮೇಲಿನ ರೆಸಿನ್ ಪದರವನ್ನು ತಿಂದಾಗ ಗಾಜಿನ ಎಳೆಗಳು ಬಯಲಿಗೆ ಬಂದು, ದೀಪದ ಬತ್ತಿಯು ಎಣ್ಣೆಯನ್ನೇರಿಸುವಂತೆ ನೀರನ್ನು ಒಳಗೆ ಎಳೆದುಕೊಳ್ಳುವುವು. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿರುವುದು. ತೇವದ ಮೇಲೆ ಹಾಕಿದ ರೆಸಿನ್ ಹಿಡಿಯುವುದಿಲ್ಲ, ಮುಂದಿನ ಮಳೆಗಾಲಕ್ಕೆ ತೇಪೆಯು ಸಿಪ್ಪೆಯಂತೆ ಏಳುವುದು. ಇದಕ್ಕೆ ಸುಲಭವಾದ ಉಪಾಯವಿದೆ. ಚೀಲ ತೂಗುವ ತಕ್ಕಡಿಯಲ್ಲಿ ದೋಣಿಯನ್ನು ತೂಗಿ, ತೂಕವನ್ನು ಬಾಗಿಲ ಹಿಂದೆ ಬರೆದಿಟ್ಟು, ವಾರಕ್ಕೊಮ್ಮೆ ಮತ್ತೆ ತೂಗುತ್ತಿರಬೇಕು. ತೂಕ ಇಳಿಯುವುದು ನಿಂತ ಮೇಲೆಯೇ ಕೆಲಸಕ್ಕೆ ಕೈಹಾಕತಕ್ಕದ್ದು. ಹೋಳಿಹುಣ್ಣಿಮೆಯ ತರುವಾಯ ಹಿನ್ನೀರು ಇಳಿಯುತ್ತಿರುವಾಗ ದೋಣಿಯನ್ನು ಮೇಲಕ್ಕೆಳೆದು, ಕಾರಹುಣ್ಣಿಮೆಯೊಳಗೆ ಎಲ್ಲವನ್ನೂ ಮುಗಿಸುವುದು ಈ ಪ್ರಾಂತಕ್ಕೆ ಹೊಂದುವ ಕಾಲ. ಒಣಗಿಸಲು ಬಿಸಿಲು ಎಷ್ಟಿದ್ದರೂ ಒಳ್ಳೆಯದೇ. ಆದರೆ ರೆಸಿನ್ ಹಚ್ಚುವಾಗ ಮಧ್ಯಾಹ್ನದ ಬಿಸಿಲು ಶತ್ರು. ಆ ಉರಿಯಲ್ಲಿ ಕಲಸಿದ ರೆಸಿನ್ ಹಚ್ಚುವುದರೊಳಗೆ ಗಟ್ಟಿಯಾಗುವುದು. ಬೇವಿನ ನೆರಳಿನಲ್ಲಿಯೋ ಗಾಳಿಯಾಡುವ ಚಪ್ಪರದಲ್ಲಿಯೋ ಬೆಳಗಿನ ತಂಪಿನಲ್ಲಿ ಈ ಕೆಲಸ ಮಾಡಬೇಕು.

ಒಣಗಿದ ದೋಣಿಯನ್ನು ಮೊದಲು ಸಾಬೂನಿನಿಂದ ತೊಳೆದು, ಆರಿದ ಮೇಲೆ ಅಸಿಟೋನ್ ಹಾಕಿದ ಬಟ್ಟೆಯಿಂದ ಜಿಡ್ಡನ್ನು ತೆಗೆದು, ತರುವಾಯ ಉಜ್ಜಬೇಕು. ಜಿಡ್ಡನ್ನು ತೆಗೆಯದೆ ಉಜ್ಜಿದರೆ ಅದು ಇನ್ನೂ ಒಳಕ್ಕೆ ಸೇರುವುದು. ಹಳೆಯ ಡಾಂಬರೂ ಅಂಟುಮುದ್ದೆಯೂ ಸಂಪೂರ್ಣವಾಗಿ ಹೋಗಲೇಬೇಕು. ರಂಧ್ರದ ಸುತ್ತಲೂ ದೋಣಿಯ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕೆಂಬುದು ತಿಳಿದವರ ನಿಯಮ. ಮೈಯು 4 ಮಿಲಿಮೀಟರು ದಪ್ಪವಿದ್ದರೆ ಸುತ್ತಲೂ ಸುಮಾರು 5 ಸೆಂಟಿಮೀಟರು, ಅಂದರೆ ಮೂರು ಬೆರಳಿನಗಲ. ಬಿರುಕಿನ ಮೇಲೆಯೇ ಪಟ್ಟಿಯಂಟಿಸುವವನಿಗೆ ಇದು ವ್ಯರ್ಥ ಶ್ರಮವೆಂದು ತೋರಬಹುದು. ಆದರೆ ಹೊಸ ಗಾಜು ಹಳೆಯ ಗಾಜನ್ನು ಹಿಡಿಯುವುದು ಈ ಇಳಿಜಾರಿನಲ್ಲಿಯೇ, ಅದಿಲ್ಲದ ತೇಪೆಯು ಗೋಡೆಗೆ ಅಂಟಿಸಿದ ಕಾಗದಕ್ಕೆ ಸಮಾನ. ಗ್ರೈಂಡರಿನಿಂದ ಉಜ್ಜುವಾಗ ಏಳುವ ಧೂಳು ಗಾಜಿನ ಧೂಳೆಂಬುದನ್ನು ಮರೆಯಬಾರದು. ಮೂಗುಬಾಯಿಗೆ ಒಳ್ಳೆಯ ಮಾಸ್ಕನ್ನೂ ಕಣ್ಣಿಗೆ ಕನ್ನಡಕವನ್ನೂ ಮೈಗೆ ತುಂಬುತೋಳಿನ ಅಂಗಿಯನ್ನೂ ಧರಿಸಬೇಕು. ಗೋದಲೆ, ಕಣಿಕೆಯ ಬಣವೆ, ಕುಡಿಯುವ ನೀರಿನ ಹೊಂಡ ಇವುಗಳಿಂದ ದೂರದಲ್ಲಿ ಗಾಳಿಯ ದಿಕ್ಕನ್ನು ನೋಡಿಕೊಂಡು ಈ ಕೆಲಸ ಮಾಡಬೇಕು. ಗ್ರೈಂಡರ್ ದೊರೆಯದಿದ್ದರೆ ದಪ್ಪ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ನೀರು ಚಿಮುಕಿಸುತ್ತ ಉಜ್ಜಬಹುದು. ಅದರಿಂದ ಧೂಳು ಕಡಿಮೆ, ಕೆಲಸ ಮಾತ್ರ ನಿಧಾನ, ಮತ್ತು ಮೇಲೆ ಪುನಃ ಒಣಗಿಸಬೇಕಾಗುವುದು.

ಮ್ಯಾಟ್ ಎಂದು ಅಂಗಡಿಕಾರರು ಕರೆಯುವ ಗಾಜಿನ ಎಳೆಯ ಹಾಸು ಚದರ ಮೀಟರಿಗೆ 450 ಗ್ರಾಮು ತೂಗುವಂಥದಾದರೆ, ಒಂದು ಪದರವು ಗಟ್ಟಿಯಾದ ಮೇಲೆ ಸುಮಾರು ಒಂದು ಮಿಲಿಮೀಟರು ದಪ್ಪವಾಗುವುದು. ಮೈಯ ದಪ್ಪ 4 ಮಿಲಿಮೀಟರಿದ್ದಲ್ಲಿ ನಾಲ್ಕು ಪದರ ಬೇಕು. ಒಂದು ಚದರ ಮೀಟರಿನ ತೇಪೆಗೆ ನಾಲ್ಕು ಪದರವೆಂದರೆ 1.8 ಕಿಲೋ ಮ್ಯಾಟು. ಅದರ ಎರಡರಿಂದ ಎರಡೂವರೆ ಪಟ್ಟು, ಅಂದರೆ ಸುಮಾರು ನಾಲ್ಕು ಕಿಲೋ ಪಾಲಿಯೆಸ್ಟರ್ ರೆಸಿನ್ ಹಿಡಿಯುವುದು. ಈ ಲೆಕ್ಕವನ್ನು ಯಜಮಾನನು ತಾನೇ ಹಾಕಿಕೊಂಡರೆ ಅಂಗಡಿಯಲ್ಲಿ ಮೋಸಹೋಗಲಾರನು. ರೆಸಿನನ್ನು ಒಂದೇ ಸಲಕ್ಕೆ ಕಲಸದೆ ಅರ್ಧ ಅರ್ಧ ಕಿಲೋದಂತೆ ಕಲಸಬೇಕು. ಅರ್ಧ ಕಿಲೋಗೆ 5ರಿಂದ 10 ಗ್ರಾಮು ಕ್ಯಾಟಲಿಸ್ಟ್ ಸಾಕು, ಬೇಸಗೆಯಲ್ಲಿ ಐದರ ಹತ್ತಿರವೇ ಇರಬೇಕು. ಮ್ಯಾಟಿನ ತುಂಡುಗಳನ್ನು ಒಂದಕ್ಕಿಂತ ಒಂದು ಅಗಲವಾಗಿ ಕತ್ತರಿಸಿಟ್ಟುಕೊಂಡು, ಕುಂಚದಿಂದ ಕುಟ್ಟುತ್ತ ಒಳಗಿನ ಗಾಳಿಗುಳ್ಳೆಗಳೆಲ್ಲ ಹೊರಡುವಂತೆ ಪದರದ ಮೇಲೆ ಪದರ ಹಾಕಬೇಕು. ತೂತು ಆರಪಾರವಾಗಿದ್ದರೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಸುತ್ತಿದ ತಗಡನ್ನು ಆಧಾರವಾಗಿ ಕಟ್ಟಿ ಒಳಗಿನಿಂದ ತುಂಬತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ಮನೆಯಲ್ಲಿರುವ ಹುಡುಗರಿಗೂ ಆಳುಗಳಿಗೂ ಬಾಯಿಪಾಠ ಮಾಡಿಸುವುದು ಅವಶ್ಯ. ರೆಸಿನ್ನಿಗೆ ಎರಡು ವಸ್ತುಗಳು ಸೇರುವುವು, ನೇರಳೆ ಬಣ್ಣದ ಕೋಬಾಲ್ಟ್ ದ್ರವ ಮತ್ತು ನೀರಿನಂತೆ ತಿಳಿಯಾದ ಕ್ಯಾಟಲಿಸ್ಟ್. ಇವೆರಡನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಕೂಡದು, ಬೆರೆಸಿದರೆ ಬೆಂಕಿಯೆದ್ದು ಸಿಡಿಯುವುದು. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಅಂಗಡಿಯಲ್ಲಿ ಸಿಗುವುದರಿಂದ ಅದನ್ನೇ ಕೊಳ್ಳುವುದು ಕ್ಷೇಮ. ಕ್ಯಾಟಲಿಸ್ಟಿನ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕೂಡಲೇ ಕಾಲು ಗಂಟೆ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಒಯ್ಯಬೇಕು. ಉಳಿದ ರೆಸಿನ್ ಡಬ್ಬಿಯಲ್ಲಿ ತಾನಾಗಿಯೇ ಕಾದು ಹೊಗೆಯಾಡುವುದರಿಂದ ಅದನ್ನು ಬಣವೆಯ ಬಳಿಯಲ್ಲಿ ಎಸೆಯದೆ ಬರಿನೆಲದ ಮೇಲೆ ಹರವಬೇಕು. ಬೀಡಿಯನ್ನು ಹಚ್ಚುವವನನ್ನು ಆ ದಿನ ಅಂಗಳಕ್ಕೆ ಬರಗೊಡದಿದ್ದರೆ ಒಳಿತು.

ತೇಪೆಯಾದ ಮೇಲೆ ಬಣ್ಣವೇಕೆಂದು ಕೇಳುವುದುಂಟು. ಬಣ್ಣವು ಶೃಂಗಾರಕ್ಕಲ್ಲ, ಬಿಸಿಲಿನಿಂದ ರೆಸಿನನ್ನು ಕಾಯುವ ಕೊಡೆಯದು. ಒಂದು ಎಳೆಯೂ ಬಯಲಿಗೆ ಕಾಣದಂತೆ ಒಳಗೂ ಹೊರಗೂ ಹಚ್ಚಬೇಕು.

ಇಷ್ಟು ಮಾಡಿದ ದೋಣಿಯು ಸೋರುವುದಿಲ್ಲ. ಆದರೆ ಬಿದಿರಿನ ಹರಿಗೋಲಿಗೂ ಇದಕ್ಕೂ ಇರುವ ಭೇದವನ್ನು ಹಳಬರೂ ಗಮನಿಸಿದ್ದು ಕಡಿಮೆ. ಬಿದಿರು ನೀರಿಗಿಂತ ಹಗುರವಾದುದು. ಹಳೆಯ ಹರಿಗೋಲು ನೀರು ತುಂಬಿದರೂ ತೇಲುತ್ತಿತ್ತು, ಬಿದ್ದವನು ಅದನ್ನು ಹಿಡಿದುಕೊಂಡು ಬದುಕುತ್ತಿದ್ದನು. ಗಾಜು ಮತ್ತು ರೆಸಿನ್ ಸೇರಿದ ವಸ್ತುವು ನೀರಿನ ಒಂದೂವರೆ ಪಟ್ಟಿಗಿಂತಲೂ ಭಾರವಾದುದು. ಗಾಳಿಯ ಕೋಣೆಯಿಲ್ಲದ ಫೈಬರ್ ದೋಣಿಯು ನೀರು ತುಂಬಿದೊಡನೆ ಕಲ್ಲಿನಂತೆ ತಳಕ್ಕೆ ಹೋಗುವುದು. ಹೊಸದಾಗಿ ಬರುವಾಗ ಎಷ್ಟೋ ದೋಣಿಗಳಲ್ಲಿ ಆಸನದ ಕೆಳಗೆ ಗಾಳಿಯ ಪೆಟ್ಟಿಗೆಯೋ ಹಗುರವಾದ ನೊರೆಯ ತುಂಡೋ ಇರುತ್ತದೆ. ಹತ್ತು ವರ್ಷ ಕಳೆಯುವುದರೊಳಗೆ ಪೆಟ್ಟಿಗೆಯೊಡೆದು ನೀರು ಸೇರಿರುವುದು, ನೊರೆಯನ್ನು ಮಕ್ಕಳು ಕಿತ್ತಿರುವರು. ಸೋರುವುದನ್ನು ಮಾತ್ರ ಮುಚ್ಚಿ ಇದನ್ನು ನೋಡದೆ ಬಿಡುವುದು, ಬಂಡಿಯ ಗಾಲಿಗೆ ಹಳಿ ಹಾಕಿಸಿ ಕಡಾಣಿಯನ್ನು ಮರೆತಂತೆ.

ಇದರ ಪರಿಹಾರವು ಬಹಳ ಅಗ್ಗವಾದುದು. 60 ಕಿಲೋ ತೂಗುವ ಫೈಬರ್ ದೋಣಿಯು ಪೂರ್ತಿ ಮುಳುಗಿದಾಗ ನೀರು ತಾನೇ ಹೊರುವ ಭಾಗವನ್ನು ಕಳೆದರೆ ಉಳಿಯುವ ಭಾರ 20ರಿಂದ 25 ಕಿಲೋ. ಬಿಗಿಯಾಗಿ ಮುಚ್ಚಿದ 20 ಲೀಟರಿನ ಒಂದು ಖಾಲಿ ಕ್ಯಾನು ನೀರಿನಲ್ಲಿ ಸುಮಾರು 19 ಕಿಲೋ ಭಾರವನ್ನು ಎತ್ತಿಹಿಡಿಯುವುದು. ಅಂಥ ಎರಡು ಕ್ಯಾನು ದೋಣಿಗೆ, ಇನ್ನೆರಡು ಅದನ್ನು ಹಿಡಿದುಕೊಳ್ಳುವ ಜನರಿಗೆ ಎಂದು ನಾಲ್ಕನ್ನು ಎರಡೂ ಬದಿಗೆ ಸಮವಾಗಿ, ಒಳ ಅಂಚಿನ ಕೆಳಗೆ, ನೈಲಾನ್ ಹಗ್ಗದಿಂದ ಅಲುಗಾಡದಂತೆ ಕಟ್ಟಬೇಕು. ಕ್ರಿಮಿನಾಶಕದ ಡಬ್ಬಿಗಳನ್ನು ಈ ಕೆಲಸಕ್ಕೆ ತರಕೂಡದು. ಆಸನದ ಕೆಳಗೆ ಥರ್ಮಾಕೋಲ್ ತುಂಬಿ ಮೇಲೆ ರೆಸಿನ್ ಹಚ್ಚುವ ಪ್ರಯತ್ನವೂ ಅಲ್ಲಲ್ಲಿ ನಡೆದಿದೆ. ಪಾಲಿಯೆಸ್ಟರ್ ರೆಸಿನ್ ತಾಗಿದೊಡನೆ ಥರ್ಮಾಕೋಲ್ ಸಕ್ಕರೆಯಂತೆ ಕರಗಿಹೋಗುವುದೆಂಬುದು ಅಂಥವರಿಗೆ ಪಶ್ಚಾತ್ತಾಪದ ತರುವಾಯ ತಿಳಿಯಿತು.

ಕೃಷ್ಣೆಯ ನೀರಿನಲ್ಲಿ ಪ್ರಾಣಹಾನಿಯು ದೂರದ ಮಾತಲ್ಲ. 2020ರ ಆಗಸ್ಟ್ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಕುರ್ವಕಲಾ ನಡುಗಡ್ಡೆಯ ಬಳಿ ಹರಿಗೋಲು ಮಗುಚಿತು. 2024ರ ಜುಲೈ ತಿಂಗಳಲ್ಲಿ ಬೀಳಗಿಯವರ ಎದುರು ದಂಡೆಯ ಕೊಲ್ಹಾರ ತಾಲೂಕಿನ ಬಳೂತಿಯ ಸಮೀಪದಲ್ಲಿ ತೆಪ್ಪವು ಮಗುಚಿ ಹಲವರು ನೀರುಪಾಲಾದರು. ಇವುಗಳ ಕಾರಣಗಳು ಬೇರೆ ಬೇರೆಯಾಗಿರಬಹುದು. ಮಗುಚಿದ ಮೇಲೆ ಕೈಗೆ ಹಿಡಿಯಲು ತೇಲುವ ವಸ್ತುವೊಂದು ಇರಬೇಕೆಂಬುದು ಮಾತ್ರ ಎಲ್ಲಕ್ಕೂ ಸಮಾನ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದಗಳ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ಒಪ್ಪಿಗೆ ಕೊಟ್ಟಿರುವುದನ್ನು ನೋಡಿದರೆ, ಮುಂದಿನ ಕಾಲದಲ್ಲಿ ಈ ಭಾಗದಲ್ಲಿ ದೋಣಿಯ ಅವಶ್ಯಕತೆಯು ಹೆಚ್ಚುವುದೇ ಹೊರತು ಕಡಿಮೆಯಾಗಲಾರದು.

ಗ್ರಾಮದ ಹಿರಿಯರೂ ಜಮೀನುದಾರರೂ ಇದರಲ್ಲಿ ಮಾಡತಕ್ಕದ್ದೇನೆಂದರೆ, ದೋಣಿಯನ್ನು ಅಂಬಿಗನ ಸ್ವಂತ ವಿಷಯವೆಂದು ಕೈಬಿಡದಿರುವುದು. ಅವನ ಗುಡಿಸಲಿನ ಮುಂದೆ ಬೇವಿನ ನೆರಳಿಲ್ಲ, ಗ್ರೈಂಡರಿಗೆ ವಿದ್ಯುತ್ತಿಲ್ಲ, ದೋಣಿ ಒಣಗುವ ಆರು ವಾರ ದುಡಿಮೆಯಿಲ್ಲದೆ ಕೂಡುವ ಶಕ್ತಿಯೂ ಇಲ್ಲ. ಡಾಂಬರು ಮೆತ್ತಿ ನೀರಿಗಿಳಿಯುವುದು ಅವನ ಅಜ್ಞಾನದಿಂದಲ್ಲ, ಬಡತನದಿಂದ. ತನ್ನ ಆಳುಗಳನ್ನು ಆ ದೋಣಿಯಲ್ಲಿ ಹೊಲಕ್ಕೆ ಕಳಿಸುವ ಗೌಡನು ಬೇಸಗೆಯಲ್ಲಿ ಕಬ್ಬು ಸಾಗಿಹೋಗಿ ಖಾಲಿಯಿರುವ ಟ್ರ್ಯಾಕ್ಟರಿನ ಚಪ್ಪರವನ್ನು ಎರಡು ತಿಂಗಳು ಬಿಟ್ಟುಕೊಟ್ಟರೆ ಅವನಿಗೆ ಯಾವ ನಷ್ಟವೂ ಇಲ್ಲ. ಒಂದು ಗ್ರೈಂಡರು, ಒಂದು ಸಣ್ಣ ತಕ್ಕಡಿ, ನಾಲ್ಕು ಮಾಸ್ಕು ಇಷ್ಟನ್ನು ಪಂಚಾಯತಿಯು ಕೊಂಡಿಟ್ಟರೆ ಊರಿನ ದೋಣಿಗಳಿಗೆಲ್ಲ ಸಾಕು. ಗುಡಿಯ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತಿದಾಗ ಮನೆಮನೆಯವರೂ ಕೊಡುವರಲ್ಲವೆ? ಅದರಲ್ಲಿ ಕಿಂಚಿತ್ತು ಭಾಗವಾದರೂ ದೇವರ ಜಾತ್ರೆಗೆ ಜನರನ್ನು ದಾಟಿಸುವ ದೋಣಿಗೆ ಸಂದರೆ ದೇವರು ಮುನಿಯಲಾರನು.

ಯಾವ ದೋಣಿಯಲ್ಲಿ ಜನರನ್ನು ಕೂಡಿಸಬಹುದು, ಯಾವುದನ್ನು ಬಲೆಗೆ ಮಾತ್ರ ಬಿಡಬೇಕು ಎಂಬ ನಿರ್ಣಯವನ್ನೂ ಹಿರಿಯರೇ ಮಾಡಬೇಕು. 2021ನೆಯ ಇಸವಿಯ ಒಳನಾಡು ಹಡಗುಗಳ ಕಾಯಿದೆಯಲ್ಲಿ ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ನೋಂದಾಯಿಸುವ ಅವಕಾಶವನ್ನು ಕಲ್ಪಿಸಲಾಗಿದೆ. ಪಂಚಾಯತಿಯು ತನ್ನ ಊರಿನ ದೋಣಿಗಳ ಪಟ್ಟಿಯೊಂದನ್ನು ಈಗಿನಿಂದಲೇ ಇಟ್ಟುಕೊಂಡು, ಯಾವ ವರ್ಷ ಯಾವುದು ದುರಸ್ತಿಯಾಯಿತೆಂದು ಬರೆಯುತ್ತ ಬಂದರೆ ಮುಂದೆ ಅನುಕೂಲವಾಗುವುದು.

ಜೀರ್ಣೋದ್ಧಾರವಾದ ದೋಣಿಯ ಪರೀಕ್ಷೆಯು ಊರವರ ಎದುರಿಗೇ ನಡೆಯತಕ್ಕದ್ದು. ತೇಪೆಯಾದ ಒಂದು ವಾರದ ಮೇಲೆ ಅದನ್ನು ಸೊಂಟದಷ್ಟು ನೀರಿನಲ್ಲಿ ಬಿಟ್ಟು, ನಾಲ್ಕು ಜನರ ಭಾರಕ್ಕೆ ಸಮನಾಗಿ 260 ಕಿಲೋದಷ್ಟು ಉಸುಕಿನ ಚೀಲಗಳನ್ನು ಹರವಿಟ್ಟು, ಮುಂಜಾನೆಯಿಂದ ಸಾಯಂಕಾಲದವರೆಗೆ ಬಿಡಬೇಕು. ಒಳಗೆ ನೀರು ಜಿನುಗದೆಯೂ ಅಂಚು ನೀರಿನಿಂದ ಒಂದು ಗೇಣಾದರೂ ಮೇಲೆಯೂ ಇದ್ದರೆ ಅಲ್ಲಿಯೇ ನೀರಿನ ಮಟ್ಟಕ್ಕೆ ಕೆಂಪು ಬಣ್ಣದ ಗೆರೆಯೊಂದನ್ನು ಸುತ್ತಲೂ ಎಳೆಯಬೇಕು. ಬಳಿಕ ಚೀಲಗಳನ್ನು ತೆಗೆದು, ದೋಣಿಯನ್ನು ಬೇಕೆಂದೇ ನೀರು ತುಂಬಿಸಿ ಮುಳುಗಿಸಿ, ಕ್ಯಾನುಗಳು ಅದನ್ನು ಎತ್ತಿಹಿಡಿಯುವುವೋ ಇಲ್ಲವೋ ನೋಡತಕ್ಕದ್ದು. ಜುಲೈ ತಿಂಗಳಲ್ಲಿ ಮೇಲಿನ ಮಳೆಯ ನೀರು ಬಂದು ಹಿನ್ನೀರು ಏರುವುದಕ್ಕೆ ಮೊದಲು ಇದೆಲ್ಲವೂ ಮುಗಿದಿರಬೇಕು. ಅದರ ಮೇಲೆ ಕೆಂಪು ಗೆರೆಯು ನೀರಿನಲ್ಲಿ ಮುಳುಗುವಷ್ಟು ಜನರನ್ನು ಹತ್ತಿಸಿಕೊಂಡ ದೋಣಿಯನ್ನು ದಂಡೆಯಿಂದ ಬಿಡದಂತೆ ತಡೆಯುವ ಅಧಿಕಾರವನ್ನು ಊರಿನವರು ಸೇರಿ ಒಬ್ಬ ಹಿರಿಯನಿಗೆ ಒಪ್ಪಿಸಿಡುವುದು ಯೋಗ್ಯವಾಗಿದೆ.